ಅನುಸೂಯಮ್ಮನ ಕೇಸು ಮೂರು ಸಲ ಬಿದ್ದದ್ದು

ದೊಡ್ಡಬೆಳವಂಗಲ ಹೋಬಳಿಯ ಗುಂಡಮ್ಮನಕುಂಟೆಗೆ ಹೋಗಿ ಅನುಸೂಯಮ್ಮನ ಮನೆ ಯಾವುದು ಎಂದು ಕೇಳಿದರೆ, ಜನ ಕೈ ತೋರಿಸುವ ಮೊದಲು ಒಂದು ನಗು ನಗುತ್ತಾರೆ. ಕೋರ್ಟ್ ಅನುಸೂಯಮ್ಮನಾ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಪಾಪ, ಆಕೆ ಜೀವಮಾನದಲ್ಲಿ ಕೋರ್ಟಿಗೆ ಒಯ್ದದ್ದು ಒಂದೇ ಒಂದು ಜಗಳ. ಆದರೆ ಆ ಕೇಸು ಮೂರು ಸಲ ಬಿತ್ತು. ಸೋತು ಬಿದ್ದದ್ದಲ್ಲ, ಸೋಲಬೇಕಾದರೂ ತೀರ್ಪು ಬರಬೇಕಲ್ಲ. ಪೈಲ್ವಾನ ಒಮ್ಮೆ ಅಖಾಡದ ಬಾಗಿಲಲ್ಲೇ ಎಡವಿದ, ಇನ್ನೊಮ್ಮೆ ಕುಸ್ತಿಗೆ ಬರಲೇ ಇಲ್ಲ, ಮತ್ತೊಮ್ಮೆ ತೊಡೆ ತಟ್ಟಿ ನಿಂತವನು ತಾನೇ ಮನೆಗೆ ಹೋದ ಎಂದರೆ ಹೇಗಿರುತ್ತದೆ, ಹಾಗಿತ್ತು ಅದರ ಪಾಡು.

ಅನುಸೂಯಮ್ಮ ರೇಷ್ಮೆ ಹುಳ ಸಾಕುವವಳು. ಗಂಡ ತೀರಿಕೊಂಡ ಮೇಲೆ ಮಗಳು ಶಿಲ್ಪಳನ್ನು ಓದಿಸಿದ್ದು, ಮನೆಗೆ ತಾರಸಿ ಹಾಕಿಸಿದ್ದು, ಎಲ್ಲವೂ ಆ ಹುಳದ ಮನೆಯಿಂದಲೇ. ಆಳು ಸಣಕಲು, ದನಿ ದಪ್ಪ. ಹುಳಗಳ ಹತ್ತಿರ ಮಾತ್ರ ಮೆಲ್ಲಗೆ ಮಾತಾಡುತ್ತಾಳೆ. ಜೋರು ಮಾಡಿದರೆ ಅವು ಮೇವು ಬಿಡುತ್ತವೆ ಎಂದು ಆಕೆಯ ನಂಬಿಕೆ. ಅಲ್ಲಿ ಉಳಿಸಿದ ಜೋರನ್ನೆಲ್ಲ ಅಮ್ಮ ಊರಿನ ಮೇಲೆ ಖರ್ಚು ಮಾಡುತ್ತಾಳೆ ಎಂದು ದೊಡ್ಡಬಳ್ಳಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಶಿಲ್ಪ ಹೇಳುತ್ತಿರುತ್ತಾಳೆ.

ಆಕೆಯ ಹಿಪ್ಪುನೇರಳೆ ತೋಟ ಒಂದು ಕಡೆ, ಹುಳದ ಮನೆ ಇನ್ನೊಂದು ಕಡೆ. ನಡುವೆ ಸಂಜೀವಪ್ಪನ ಹೊಲ. ಸಂಜೀವಪ್ಪ ಆಕೆಯ ಗಂಡನ ದಾಯಾದಿ, ವರಸೆಯಲ್ಲಿ ಮೈದುನ. ಅವನೂ ಹುಳ ಸಾಕುವವನೇ. ಅವನ ಹೊಲದ ಅಂಚಿನಲ್ಲಿ ಅತ್ತೆ ಮಾವನ ಕಾಲದಿಂದಲೂ ಒಂದು ಗಾಡಿ ದಾರಿ. ಆ ದಾರಿಯಲ್ಲಿ ಬಂದರೆ ಸೊಪ್ಪು ಕೊಯ್ದ ಹಾಗೇ ಹುಳದ ಬಾಯಿಗೆ. ಅದಿಲ್ಲದಿದ್ದರೆ ಕೆರೆ ಏರಿ ಸುತ್ತಿಕೊಂಡು ಬರಬೇಕು. ಬಿಸಿಲಿಗೆ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪು ತಿಂದ ಹುಳ ಗಟ್ಟಿ ಗೂಡು ಕಟ್ಟುವುದಿಲ್ಲ. ದಾರಿ ಹೋದರೆ ಹುಳದ ಮನೆಗೆ ಬೀಗ ಬೀಳುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಸಂಜೀವಪ್ಪನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಜಗಳ ಹುಟ್ಟಿದ್ದು ಮಾತ್ರ ಮುದ್ದೆಯಿಂದ. ಸಂಜೀವಪ್ಪನ ಮಗಳ ಮದುವೆಯಾಗಿ ಬೀಗರೂಟ ನಡೆಯುತ್ತಿತ್ತು. ಬೀಗರ ಪಂಕ್ತಿಯಲ್ಲೇ ಕೂತಿದ್ದ ಅನುಸೂಯಮ್ಮ, ಮುದ್ದೆ ಕೈಗೆ ಅಂಟುತ್ತಿದೆ, ಹಿಟ್ಟು ಬೆಂದಿಲ್ಲ ಎಂದು ಸಾರಿಗೆ ಬಂದವನಿಗೆ ಹೇಳಿದಳು. ಹೇಳಿದ್ದು ಅವನಿಗೆ, ಕೇಳಿಸಿದ್ದು ಶಾಮಿಯಾನದ ಆ ತುದಿಗೆ. ಹೆಣ್ಣು ಕೊಟ್ಟ ಸಂಜೀವಪ್ಪನ ಮುಖ ಬಾಡಿದ ಸೊಪ್ಪಾಯಿತು. ಮಾರನೇ ದಿನ ಬೆಳಗ್ಗೆ ಡೇರಿಯ ಮುಂದೆ ಹಾಲು ಹಾಕಲು ಬಂದವರ ನಡುವೆ ನಿಂತು ಅವನು ಒಂದು ಮಾತು ಎಸೆದ.

"ನಮ್ಮನೆ ಮುದ್ದೆ ಆಗ್ದೇ ಇರೋರಿಗೆ ನಮ್ಮ ದಾರಿ ಯಾಕಾಗ್ಬೇಕು?"

ಎಸೆದದ್ದು ಮಾತು ಮಾತ್ರ. ದಾರಿಗೆ ಒಂದು ಮುಳ್ಳು ಕೊಂಬೆಯನ್ನೂ ಅಡ್ಡ ಹಾಕಿರಲಿಲ್ಲ. ಆದರೆ ಆ ಮಾತು ಹಾಲಿನ ಕ್ಯಾನಿಗಿಂತ ಮುಂಚೆ ಊರು ಸುತ್ತಿ ಅನುಸೂಯಮ್ಮನ ಬಾಗಿಲಿಗೆ ಬಂತು. ಆಕೆ ಹುಳಕ್ಕೆ ಸೊಪ್ಪು ಹಾಕಿ, ಸೀರೆ ಬದಲಾಯಿಸಿ, ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು.

ಕೋರ್ಟಿನ ಎದುರು ಬೈರೇಶ್ ಎಂಬ ಹುಡುಗ ಆಗಷ್ಟೇ ವಕೀಲಿ ಬೋರ್ಡು ಹಾಕಿದ್ದ. ಬೋರ್ಡಿನ ಬಣ್ಣ ಆರುವ ಮೊದಲೇ ಬಂದ ಕಕ್ಷಿದಾರಳೆಂದರೆ ಈಕೆ. ಸ್ವಂತ ಕೇಸಿಲ್ಲದೆ ನೊಣ ಹೊಡೆಯುತ್ತಿದ್ದ ಅವನು ಕಾಗದ ಪೆನ್ನು ತೆಗೆದು, ಹೇಳಿ ಅಮ್ಮ ಎಂದ. ಅದೇ ತಪ್ಪಾಯಿತು. ಅನುಸೂಯಮ್ಮ ಹೇಳತೊಡಗಿದಳು. ಮುದ್ದೆ ಬೆಂದಿಲ್ಲದ್ದು ಬಂತು. ಸಂಜೀವಪ್ಪನ ಅಪ್ಪ ಒಂದು ಕಾಲದಲ್ಲಿ ಬಾವಿ ಹಗ್ಗ ತೆಗೆದುಕೊಂಡು ಹೋಗಿ ವಾಪಸು ಕೊಡದಿದ್ದದ್ದು ಬಂತು. ಅವನ ಮನೆ ಕೋಳಿಗಳ ನಡತೆ ಬಂತು. ಬೈರೇಶ್ ನಡುನಡುವೆ, ದಾರಿಗೆ ಅವರು ಏನು ಮಾಡಿದರು ಎಂದು ಕೇಳುತ್ತಲೇ ಇದ್ದ.

"ಮಾಡ್ತಾನೆ, ಬರ್ಕೊ."

"ಮಾಡ್ತಾರೆ ಸರಿ ಅಮ್ಮ. ಇವತ್ತಿನವರ್ಗೂ ಏನ್ ಮಾಡಿದಾರೆ?"

"ನೋಡಿದಾನೆ. ನಾನು ಸೊಪ್ಪು ಹೊತ್ಕೊಂಡು ಹೋಗೋವಾಗ ಆ ದಾರೀನ ಒಂಥರಾ ನೋಡ್ತಾನೆ."

ಬೈರೇಶ್ ಅದನ್ನೂ ಬರೆದುಕೊಂಡ. ಮೊದಲ ಕಕ್ಷಿದಾರಳನ್ನು ನಿರಾಸೆ ಮಾಡಬಾರದಲ್ಲ.

ದಾವೆ ದಾಖಲಾಯಿತು. ಸಂಜೀವಪ್ಪನಿಗೆ ಸಮನ್ಸ್ ಬಂತು. ಅವನು ಹಿಡಿದ ವಕೀಲರು ತಲೆ ನರೆತವರು. ಅವರು ಜವಾಬು ಕೊಡುವ ಗೋಜಿಗೇ ಹೋಗಲಿಲ್ಲ. ಈ ದಾವೆಯನ್ನು ಬಾಗಿಲಲ್ಲೇ ವಾಪಸು ಕಳಿಸಿ ಎಂದು ಒಂದು ಪುಟದ ಅರ್ಜಿ ಹಾಕಿದರು. ಆಕೆಗೆ ದಾರಿಯ ಹಕ್ಕು ಎಲ್ಲಿಂದ ಬಂತು ಎಂದು ದಾವೆಯಲ್ಲಿ ಬರೆದಿಲ್ಲ, ನಮ್ಮವರು ಆ ಹಕ್ಕಿಗೆ ಯಾವತ್ತು ಏನು ತೊಂದರೆ ಕೊಟ್ಟರು ಎಂದೂ ಬರೆದಿಲ್ಲ ಎಂದು ವಾದ ಮಾಡಿದರು. ಜಡ್ಜ್ ಮೇಡಂ ದಾವೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೋಳಿಗಳ ಪ್ಯಾರಾದ ಹತ್ತಿರ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು ಎಂದು ಶಿಲ್ಪ ಹೇಳುತ್ತಾಳೆ. ಆಮೇಲೆ ದಾವೆಯನ್ನು ತಿರಸ್ಕರಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಬೈರೇಶ್ ತಲೆ ತಗ್ಗಿಸಿ ವಿವರಿಸಿದ. ನೀವು ಹೇಳಿದ್ದು ಸುಳ್ಳು ಎಂದು ಕೋರ್ಟು ಹೇಳಿಲ್ಲ. ಬರೆದದ್ದೆಲ್ಲ ಸತ್ಯವೆಂದೇ ಇಟ್ಟುಕೊಂಡರೂ ಇದರಲ್ಲಿ ವಿಚಾರಣೆ ಮಾಡುವಂಥದ್ದು ಏನೂ ಇಲ್ಲ ಎಂದಿದೆ, ಅಷ್ಟೇ.

"ಅಂದ್ರೆ ಕಲ್ಲು ತಲೆಗೆ ಬಿದ್ಮೇಲೆ ಬರ್ಬೇಕೇನಪ್ಪಾ ಕೋರ್ಟಿಗೆ?"

"ಬಿದ್ಮೇಲೇ ಅಂತಲ್ಲ ಅಮ್ಮ. ಎದುರಿಗಿರೋನು ಕೈಗೆ ಕಲ್ಲು ಎತ್ಕೊಂಡಿದ್ದನ್ನಾದ್ರೂ ತೋರಿಸ್ಬೇಕು. ನಾವು ಮುದ್ದೆ ತೋರಿಸಿದೀವಿ."

ಕೇಸು ಹೀಗೆ ಮೊದಲನೇ ಸಲ ಬಿತ್ತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಸಂಜೀವಪ್ಪ ಬದುಕಿಕೊಳ್ಳುತ್ತಿದ್ದ. ಆದರೆ ಕೇಸು ಬಿತ್ತು ಎನ್ನುವುದನ್ನು ಅವನು ದಾರಿ ತನ್ನದಾಯಿತು ಎಂದು ತಿಳಿದ. ಅದು ತೀರ್ಪಲ್ಲ, ಸರಿಯಾದ ಕಾರಣ ಸಿಕ್ಕರೆ ಆಕೆ ಮತ್ತೆ ಹೊಸದಾಗಿ ದಾವೆ ಹಾಕಬಹುದು ಎಂದು ಅವನ ವಕೀಲರು ಎಚ್ಚರಿಸಿದ್ದರು. ಗೆದ್ದವನ ಕಿವಿಗೆ ಅದೆಲ್ಲ ಎಲ್ಲಿ ಕೇಳಿಸುತ್ತದೆ? ವಾರ ಕಳೆಯುವುದರೊಳಗೆ ಗಾಡಿ ದಾರಿಗೆ ಅಡ್ಡಲಾಗಿ ಮೂರು ಕಲ್ಲುಕೂಚಗಳು ಎದ್ದು ನಿಂತವು. ಮನುಷ್ಯರು ಪಕ್ಕಕ್ಕೆ ತಿರುಗಿಕೊಂಡು ನುಸುಳಬಹುದಿತ್ತು. ಗಾಡಿ ಹೋಗುವುದಿರಲಿ, ಸೊಪ್ಪಿನ ಹೊರೆ ಕೂಡ ಸಿಕ್ಕಿಕೊಳ್ಳುತ್ತಿತ್ತು.

ಹೊರೆ ಹೊತ್ತು ಬಂದ ಅನುಸೂಯಮ್ಮ ಆ ಕಲ್ಲುಗಳನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ. ಹೊರೆ ಇಳಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದಳು.

"ನಿಮ್ಮ ಚಿಕ್ಕಪ್ಪ ಕಾರಣ ಕೊಟ್ಟ ಕಣೇ ಶಿಲ್ಪ. ಕಲ್ಲಲ್ಲೇ ಕೊಟ್ಟವ್ನೆ."

ಎರಡನೇ ದಾವೆ ಬಲವಾಗಿತ್ತು. ಬೈರೇಶ್ ಈ ಸಲ ಕೋಳಿಗಳನ್ನು ಹತ್ತಿರ ಸೇರಿಸಲಿಲ್ಲ. ದಾರಿ ಯಾವ ಕಾಲದಿಂದ ಇದೆ, ಯಾರು ಯಾರು ಗಾಡಿ ಹೊಡೆದರು, ಕಲ್ಲು ಯಾವತ್ತು ನೆಟ್ಟರು ಎಂದು ಅಚ್ಚುಕಟ್ಟಾಗಿ ಬರೆದು ಫೋಟೋ ಲಗತ್ತಿಸಿದ. ಸದ್ಯಕ್ಕೆ ಕಲ್ಲು ತೆಗೆಸಿಕೊಡಿ ಎಂದೂ ಕೇಳಿದ. ಜನ ಓಡಾಡುವಷ್ಟು ಸಂದಿ ಇದೆ, ಅಂಥ ಅವಸರವೇನಿಲ್ಲ ಎಂದು ಎದುರಿನ ವಕೀಲರು ತಡೆದರು. ಹಾಗಾಗಿ ಕಲ್ಲು ನಿಂತಲ್ಲೇ ನಿಂತವು, ಕೇಸು ನಡೆಯತೊಡಗಿತು. ನಡೆಯಿತು ಎಂದರೆ ಗೊತ್ತಲ್ಲ, ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಗೆ ಕುಂಟಿತು. ಅನುಸೂಯಮ್ಮ ತಲೆ ಮೇಲೆ ಒದ್ದೆ ಗೋಣಿ ಮುಚ್ಚಿದ ಸೊಪ್ಪು ಹೊತ್ತು ಕೆರೆ ಏರಿ ಸುತ್ತಿದಳು. ಒಂದು ಬೆಳೆ ಬಂತು, ಗೂಡು ಹಗುರ. ಇನ್ನೊಂದು ಬೆಳೆ ಬಂತು, ಮತ್ತೂ ಹಗುರ. ಹೀಗೇ ಆದರೆ ಹುಳದ ಮನೆಯನ್ನು ಗೋಡೌನಿಗೆ ಬಾಡಿಗೆ ಕೊಡೋಣ ಎಂದು ಶಿಲ್ಪ ಅಂದ ದಿನ ಆಕೆ ಮಗಳಿಗೆ ಅನ್ನ ಬಡಿಸಿ ತಾನು ಉಣ್ಣಲಿಲ್ಲ.

ಕೊನೆಗೆ ಅನುಸೂಯಮ್ಮ ಸಾಕ್ಷಿ ಹೇಳುವ ದಿನ ಗೊತ್ತಾಯಿತು. ಬೈರೇಶ್ ಅದಕ್ಕೆ ಮುಂಚೆ ಕೆಲವು ಸಲ ಕಾಲಾವಕಾಶ ಕೇಳಿದ್ದರಿಂದ ಜಡ್ಜ್ ಮೇಡಂ, ಇದೇ ಕೊನೆ, ಇನ್ನು ಮುಂದೂಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅನುಸೂಯಮ್ಮ ಲೆಕ್ಕ ಹಾಕಿಯೇ ಹುಳ ತಂದಳು. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಬಕಾಸುರನ ಹಾಗೆ ತಿಂದು, ಮೈ ತಿಳಿಯಾಗಿ, ಹಣ್ಣಾಗುತ್ತದೆ. ಹಣ್ಣಾದ ದಿನವೇ ಅದನ್ನು ಒಂದೊಂದಾಗಿ ಆಯ್ದು ಚಂದ್ರಂಕಿ ಎಂಬ ಬಿದಿರಿನ ದೊಡ್ಡ ತಟ್ಟಿಗೆ ಬಿಡಬೇಕು. ಬಿಟ್ಟರೆ ಅಲ್ಲಿ ಕೂತು ಗೂಡು ಕಟ್ಟುತ್ತದೆ. ತಡವಾದರೆ ಸೊಪ್ಪಿನ ಕಡ್ಡಿಗೆ, ಕಂಬಕ್ಕೆ, ಸಿಕ್ಕಿದ್ದಕ್ಕೆಲ್ಲ ನೂಲು ಸುತ್ತಿ ಬೆಳೆಯೆಲ್ಲ ಹಾಳು. ಕೋರ್ಟು ಮುಂದಿನ ವಾಯಿದೆ ಕೊಟ್ಟೀತು, ಹಣ್ಣು ಹುಳ ಕೊಡುವುದಿಲ್ಲ.

ವಾಯಿದೆ ಮುಗಿಸಿ ಬಂದ ಮೇಲೆ ಹುಳ ಹಣ್ಣಾಗಬೇಕು ಎನ್ನುವುದು ಆಕೆಯ ಲೆಕ್ಕ. ಶಿವರಾತ್ರಿ ಕಳೆದ ಸೆಕೆ ಆ ಲೆಕ್ಕ ಕೆಡಿಸಿತು. ಕೋರ್ಟಿನ ದಿನ ಬೆಳಗ್ಗೆ ಹುಳದ ಮನೆ ಬಾಗಿಲು ತೆಗೆದರೆ, ಹುಳಗಳೆಲ್ಲ ತಲೆ ಎತ್ತಿ ಆಡಿಸುತ್ತ ತಟ್ಟೆಯ ಅಂಚಿಗೆ ಹರಿಯುತ್ತಿವೆ. ಮೈ ನೋಡಿದರೆ ಬೆಳಕಿಗೆ ಹಿಡಿದ ದ್ರಾಕ್ಷಿ.

ಶಿಲ್ಪ ಕೋರ್ಟಿಗೆಂದು ರಜೆ ಹಾಕಿ ಮನೆಯಲ್ಲಿದ್ದಳು. ಇಬ್ಬರೇ ಆಯ್ದರೆ ಸಂಜೆಗೂ ಮುಗಿಯುವಂತಿರಲಿಲ್ಲ. ಊರಿನ ಹೆಂಗಸರು ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗಿದ್ದರು. ಅನುಸೂಯಮ್ಮ ಬೈರೇಶನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದಳು. ಅವನು ಇನ್ನೊಂದು ಕೇಸಿಗೆಂದು ನೆಲಮಂಗಲದ ಕೋರ್ಟಿಗೆ ಹೊರಟಿದ್ದ. ಅಲ್ಲಿಂದ ಬೈಕಿನಲ್ಲಿ ಹಾರಿ ಬಂದು, ಕೈಕಾಲು ಹಿಡಿದಾದರೂ ಇನ್ನೊಂದು ದಿನ ಕೇಳುತ್ತೇನೆ ಎಂದ.

ಆಗ ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. ನೋಡಿದರೆ ಸಂಜೀವಪ್ಪ. ಇಸ್ತ್ರಿ ಮಾಡಿದ ಬಿಳಿ ಷರ್ಟು, ನೀಟಾಗಿ ಬಾಚಿದ ತಲೆ, ಕತ್ತಿಗೆ ಪೌಡರು. ಕೋರ್ಟಿಗೆ ಹೊರಟವನ ವೇಷ.

ಅವನು ಬಂದದ್ದಕ್ಕೆ ಕಾರಣವಿತ್ತು. ಆ ಊರಲ್ಲಿ ಮುಯ್ಯಾಳು ಎಂಬ ಪದ್ಧತಿ. ನಾನು ನಿನ್ನ ಮನೆಯ ಹುಳ ಆಯ್ದರೆ ನೀನು ನನ್ನ ಮನೆಯ ಹುಳ ಆಯಲು ಬರಬೇಕು. ಕೂಲಿಯಿಲ್ಲ, ಕರೆಯುವುದೂ ಇಲ್ಲ. ಹುಳ ಹಣ್ಣಾದ ಸುದ್ದಿಯೇ ಕರೆ. ಮದುವೆಗೆ ಮುಂಚಿನ ಬೆಳೆಯಲ್ಲಿ ಅನುಸೂಯಮ್ಮ, ಶಿಲ್ಪ ಇಬ್ಬರೂ ಸಂಜೀವಪ್ಪನ ಮನೆಯಲ್ಲಿ ಬೆಳಗಿನಿಂದ ಹುಳ ಆಯ್ದಿದ್ದರು. ಆಮೇಲಿನ ಬೆಳೆಗಳಿಗೆಲ್ಲ ಆಳು ಸಿಕ್ಕಿದ್ದರಿಂದ ಆ ಮುಯ್ಯಿ ಹಾಗೇ ಉಳಿದಿತ್ತು.

"ಮುಯ್ಯಾಳು ಬಾಕಿ ಐತೆ ಅತ್ಗೆ," ಎಂದ ಸಂಜೀವಪ್ಪ, ಚಪ್ಪಲಿ ಬಿಡುತ್ತ. "ಮುಯ್ಯಿ ಇಟ್ಕೊಂಡು ಕೋರ್ಟಲ್ಲಿ ನಿಮ್ಮೆದುರು ನಿಂತ್ರೆ ನಂಗೆ ನಾಲಿಗೆ ಹೊರಳಲ್ಲ."

ಅನುಸೂಯಮ್ಮ ಅವನ ಮುಖ ನೋಡಲಿಲ್ಲ. ಮಗಳ ಕಡೆ ತಿರುಗಿದಳು. "ಷರಟು ಬಿಚ್ಚಿಟ್ಟು, ಕತ್ತು ತೊಳ್ಕೊಂಡು ಬರಕ್ಕೇಳು. ಆ ಪೌಡರ್ ವಾಸ್ನೆಗೆ ನನ್ನ ಹುಳ ಸತ್ತೋಗ್ತವೆ."

ಸಂಜೀವಪ್ಪ ಷರ್ಟನ್ನು ಬೇಲಿಗೆ ನೇತುಹಾಕಿ, ಕೈಕಾಲು ಕತ್ತು ತೊಳೆದು, ಬನಿಯನ್ನಿನಲ್ಲಿ ಬಂದು ಕೂತ. ಹಿಂದೆಯೇ ಅವನ ಹೆಂಡತಿ ಮುನಿರತ್ನಮ್ಮನೂ ಬಂದಳು. ನಾಲ್ಕು ಜನರ ಬೆರಳುಗಳು ಓಡಿದವು. ವಾದಿ ಪ್ರತಿವಾದಿಗಳು ಒಂದೇ ತಟ್ಟೆಯ ಈಚೆ ಆಚೆ ಕೂತಿದ್ದರೂ ಮಾತು ಮಾತ್ರ ಶಿಲ್ಪಳ ಮೂಲಕ. ಹಸಿರು ಹುಳ ಆಯಬೇಡ, ಹಣ್ಣಾದದ್ದನ್ನಷ್ಟೇ ತೆಗೆ ಎಂದು ಅತ್ತಿಗೆ ಹೇಳಿಸುವಳು. ನಾನು ಹುಳ ಕಾಣದವನಲ್ಲ ಎಂದು ಮೈದುನ ಹೇಳಿಸುವನು. ಕೊನೆಗೆ ಶಿಲ್ಪ, ನನಗೆ ಗಂಟಲು ಒಣಗಿತು, ಇಬ್ಬರೂ ವಕೀಲರನ್ನು ಇಟ್ಟುಕೊಳ್ಳಿ ಎಂದಾಗ ಮುನಿರತ್ನಮ್ಮ ಮುಖ ತಿರುಗಿಸಿ ನಕ್ಕಳು.

ಬಿಸಿಲೇರುವ ಹೊತ್ತಿಗೆ ಚಂದ್ರಂಕಿಗಳು ಸಾಲದೆ ಬಂದವು. ತನ್ನ ಮನೆಯಲ್ಲಿವೆ, ತರುತ್ತೇನೆ ಎಂದು ಸಂಜೀವಪ್ಪ ಗಂಡಸಾಗಿ ಎದ್ದು ಹೋದ. ಟಿಲ್ಲರಿನ ಟ್ರೇಲರಿಗೆ ಚಂದ್ರಂಕಿ ಪೇರಿಸಿಕೊಂಡು ಹತ್ತಿರದ ದಾರಿ ಹಿಡಿದು ಭರ್ರನೆ ಬಂದ. ಬಂದವನು ಗಾಡಿ ದಾರಿಯ ಮಧ್ಯೆ ಗಕ್ಕನೆ ನಿಂತ. ಮೂರು ಕಲ್ಲುಕೂಚ.

"ಇದ್ಯಾವನೋ ಇಲ್ಲಿ ಕಲ್ಲು ನೆಟ್ಟವ್ನು," ಎಂದು ಟಿಲ್ಲರಿನ ಸದ್ದಿಗಿಂತ ಜೋರಾಗಿ ಅವನ ಬಾಯಿಂದ ಬಂದೇಬಿಟ್ಟಿತು. ಜೊತೆಗೆ ಬಂದಿದ್ದ ಮುನಿರತ್ನಮ್ಮ ಗಂಡನನ್ನೇ ನೋಡಿದಳು.

ಹಿಂದೆ ತಿರುಗಿಸಿ ಏರಿ ಸುತ್ತಿ ಬರುವಷ್ಟರಲ್ಲಿ ಹುಳ ಅರ್ಧ ನೂಲು ಬಿಟ್ಟಿರುತ್ತಿತ್ತು. ಸಂಜೀವಪ್ಪ ಹಾರೆ ತಂದು ನಡುವಿನ ಕಲ್ಲನ್ನು ಅಗೆದು ಉರುಳಿಸಿ, ಅದರ ಪಕ್ಕದ್ದನ್ನೂ ಉರುಳಿಸಿ, ಟಿಲ್ಲರು ನುಗ್ಗಿಸಿದ. ಬೆವರಿಳಿಸುತ್ತ ಬಂದು ಚಂದ್ರಂಕಿ ಇಳಿಸುವಾಗ ಅನುಸೂಯಮ್ಮ ಮೊದಲ ಸಲ ಅವನ ಕಡೆ ನೇರವಾಗಿ ನೋಡಿದಳು. ನೀರು ಕುಡಿ ಎಂದಳು. ಅದೂ ಶಿಲ್ಪಳಿಗೆ ಹೇಳದೆ.

ಕಡೆಯ ಹುಳ ಚಂದ್ರಂಕಿ ಸೇರುವ ಹೊತ್ತಿಗೆ ಬೈರೇಶನ ಫೋನ್ ಬಂತು. ಅವನು ಬೈಕಿನಲ್ಲಿ ಹಾರಿ ಬಂದರೂ ಹೈವೇ ಹಾರಲು ಬಿಡಲಿಲ್ಲವಂತೆ. ಸಂಜೀವಪ್ಪನ ವಕೀಲರು, ತಮ್ಮ ಕಕ್ಷಿದಾರ ಎಲ್ಲಿ ಸತ್ತನೋ ಎಂದು ಗೇಟಿನ ಹತ್ತಿರ ಹುಡುಕುತ್ತಿದ್ದರಂತೆ. ಅಷ್ಟರಲ್ಲಿ ಕೇಸು ಕರೆದಿದ್ದಾರೆ. ಅನುಸೂಯಮ್ಮ ಎಂದು ಕೂಗಿದರೆ ಯಾರೂ ಇಲ್ಲ. ಸಂಜೀವಪ್ಪ ಎಂದು ಕೂಗಿದರೆ ಅವನೂ ಇಲ್ಲ. ಎರಡೂ ಕಡೆಯವರಿಗೆ ಬೇಡವಾದ ಕೇಸು ಕೋರ್ಟಿಗೇಕೆ ಎಂದು ಮೇಡಂ ವಜಾ ಮಾಡಿದ್ದಾರೆ.

ಫೋನಿನ ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ಸಂಜೀವಪ್ಪ ಕತ್ತು ಚಾಚಿದ.

"ಅಂಗಾದ್ರೆ ನಾನು ಗೆದ್ನಾ ಸಾರ್?"

ಯಾರೂ ಗೆಲ್ಲಲಿಲ್ಲ ಎಂದು ಬೈರೇಶ್ ಹೇಳುತ್ತಿದ್ದ. ಅದು ಅನುಸೂಯಮ್ಮನ ಕಿವಿಗೆ ಬೀಳಲಿಲ್ಲ. ಆಕೆಯ ತಲೆಯೊಳಗೆ ಬೇರೊಂದು ಲೆಕ್ಕ ಕೂಡಿಕೊಳ್ಳುತ್ತಿತ್ತು. ಇವನೇಕೆ ಇವತ್ತೇ ಬಂದ? ಅಷ್ಟು ದಿನ ಇಟ್ಟುಕೊಂಡಿದ್ದ ಮುಯ್ಯಿ ಇವತ್ತೇ ನೆನಪಾಯಿತೇ?

"ಇದಕ್ಕೇನೋ ಬಂದಿದ್ದು?" ಎಂದಳು. ಹುಳದ ಮನೆಯೊಳಗೆ ಆಕೆ ದನಿ ಎತ್ತಿದ್ದು ಅದೇ ಮೊದಲು. "ನನ್ನ ಇಲ್ಲಿ ಕೂರಿಸಿ ಅಲ್ಲಿ ಕೇಸು ಬೀಳ್ಸಕ್ಕೆ ಬಂದ್ಯಾ?"

ಸಂಜೀವಪ್ಪ, ತನಗೂ ಕೋರ್ಟಿಗೆ ಹೋಗಬೇಕಿತ್ತು, ಬೇಗ ಮುಗಿಸಿ ಹೋಗೋಣ ಎಂದುಕೊಂಡು ಬಂದಿದ್ದೆ ಎಂದು ಹೇಳಬಹುದಿತ್ತು. ಅದರ ಬದಲು ಬೇಲಿಯ ಮೇಲಿನ ಷರ್ಟು ತೆಗೆದುಕೊಂಡು, ತೊಡದೆ, ಭುಜದ ಮೇಲೆ ಹಾಕಿಕೊಂಡು ಹೋದ. ಮಾರನೇ ದಿನ ಉರುಳಿಸಿದ್ದ ಎರಡು ಕಲ್ಲುಗಳೂ ಮತ್ತೆ ಎದ್ದವು. ಈ ಸಲ ಬುಡಕ್ಕೆ ಸಿಮೆಂಟು.

ಕೇಸು ಎರಡನೇ ಸಲ ಬಿದ್ದದ್ದು ಹೀಗೆ. ಆದರೆ ಹಾಗೆ ಬಿದ್ದದ್ದನ್ನು ಎತ್ತಿ ನಿಲ್ಲಿಸಬಹುದು, ಬರದಿದ್ದದ್ದಕ್ಕೆ ತಕ್ಕ ಕಾರಣ ತೋರಿಸಬೇಕು ಎಂದ ಬೈರೇಶ್. ತಡ ಮಾಡದೆ ಅರ್ಜಿ ಹಾಕಿದ. ಕಾರಣದ ಜಾಗದಲ್ಲಿ, ಅಂದು ರೇಷ್ಮೆ ಹುಳ ಹಣ್ಣಾಗಿತ್ತು ಎಂದು ಬರೆದ. ಸಂಜೀವಪ್ಪನ ವಕೀಲರು ತಕರಾರು ಸಲ್ಲಿಸಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಅಂದು ಎಲ್ಲಿ ಹೋಗಿದ್ದೆ ಎಂದು ಅವರು ಕೇಳಿದಾಗ ಸಂಜೀವಪ್ಪ ಹೊಟ್ಟೆ ನೋವೆಂದು ಹೇಳಿದ್ದ. ಎದುರಾಳಿಯ ಮನೆಯಲ್ಲಿ ಬನಿಯನ್ನಿನಲ್ಲಿ ಕೂತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು?

ವಿಚಾರಣೆಯ ದಿನ ಆ ಹಿರಿಯರು ಎದ್ದು ನಿಂತು ಚೆನ್ನಾಗಿಯೇ ವಾದಿಸಿದರು. ಈ ಹುಳದ ಕಥೆ ಕಟ್ಟಿದ್ದು. ಅಂದು ಆಕೆಯ ಮನೆಯಲ್ಲಿ ಹುಳ ಹಣ್ಣಾಗಿರಲೇ ಇಲ್ಲ. ಆಗಿದ್ದರೂ ಬಾಡಿದ ಸೊಪ್ಪು ತಿನ್ನಿಸಿದ ಒಂದಿಷ್ಟು ಕಾಯಿಲೆ ಹುಳ ಇದ್ದಿರಬಹುದು, ಅದಕ್ಕಾಗಿ ಕೋರ್ಟಿನ ಸಮಯ ಹಾಳು ಮಾಡುವುದೇ? ಹಿಂದಿನ ಬೆಂಚಿನಲ್ಲಿ ಕೂತಿದ್ದ ಅನುಸೂಯಮ್ಮ ಸೆರಗು ಬಿಗಿದುಕೊಂಡಳು. ಹುಳದ ಮನೆ ಉಳಿಯುವುದು ಈಗ ಈ ಒಂದು ಅರ್ಜಿಯ ಮೇಲೆ ನಿಂತಿತ್ತು. ಇದೂ ಹೋದರೆ ಸಿಮೆಂಟು ಹಾಕಿದ ಕಲ್ಲನ್ನು ಕೇಳುವವರು ಯಾರು? ಸಾಕ್ಷಿ ಹೇಳಲು ಮಗಳೊಬ್ಬಳೇ. ಮಗಳ ಮಾತನ್ನು ಯಾರು ನಂಬುತ್ತಾರೆ?

"ಕಾಯಿಲೆ ಹುಳ ಅಲ್ಲ ಸ್ವಾಮಿ."

ಕೋರ್ಟು ಹಾಲೆಲ್ಲ ತಿರುಗಿ ನೋಡಿತು. ಎದ್ದು ನಿಂತಿದ್ದವನು ಸಂಜೀವಪ್ಪ. ಅವನ ವಕೀಲರು ಕೋಟಿನ ಮರೆಯಲ್ಲಿ ಕೈ ಬೀಸಿ ಕೂರು ಕೂರು ಎನ್ನುತ್ತಿದ್ದರು. ಅವನು ಕೂರಲಿಲ್ಲ. ಅವನ ಮುಖದಲ್ಲಿ ಧರ್ಮರಾಯನ ಕಳೆ ಏನೂ ಇರಲಿಲ್ಲ. ಹುಳ ಸಾಕುವವನೊಬ್ಬ ತಾನು ಆಯ್ದ ಹುಳವನ್ನು ಯಾರೋ ಹಳಿದಾಗ ಬರುವ ಸಿಟ್ಟಿತ್ತು, ಅಷ್ಟೇ.

ಅದು ನಿಮಗೆ ಹೇಗೆ ಗೊತ್ತು ಎಂದರು ಜಡ್ಜ್ ಮೇಡಂ.

"ನಾನೇ ಆಯ್ದಿದ್ದು ಸ್ವಾಮಿ. ಬೆಳಗಿಂದ ಅವ್ರ ಮನೇಲೇ ಇದ್ದೆ. ಕೆರೆ ಏರಿ ಸುತ್ತಿ ಸೊಪ್ಪು ತಂದ್ರೂ ಅಂಥಾ ಹುಳ ಮಾಡವ್ರೆ. ನಮ್ಮನೇಲೇ ಅಂಥದ್ದು ಆಗಿಲ್ಲ ಈ ವರ್ಷ."

ಮೇಡಂ ಒಂದು ಕ್ಷಣ ಬರೆಯುವುದನ್ನು ನಿಲ್ಲಿಸಿದರು. ಹಾಗಾದರೆ ಅಂದು ವಾದಿಯ ಹೆಸರು ಕೂಗಿದಾಗಲೂ ಪ್ರತಿವಾದಿಯ ಹೆಸರು ಕೂಗಿದಾಗಲೂ ಇಬ್ಬರೂ ಒಂದೇ ಕಡೆ ಇದ್ದಿರಾ ಎಂದು ಕೇಳಿದರು. ಸಂಜೀವಪ್ಪ ಹೌದೆಂದು ತಲೆಯಾಡಿಸಿ, ಒಂದೇ ತಟ್ಟೆ ಮುಂದೆ ಎಂದು ಸೇರಿಸಿದ. ಶಿರಸ್ತೇದಾರರು ಫೈಲಿನಲ್ಲಿ ಮುಖ ಹುದುಗಿಸಿಕೊಂಡರು. ಹಿರಿಯ ವಕೀಲರು ತಮ್ಮ ತಕರಾರನ್ನು ಮಡಚಿ ಜೇಬಿಗಿಟ್ಟು, ಇನ್ನು ನಾನು ಹೇಳುವುದೇನೂ ಇಲ್ಲ ಎಂದು ಕೂತರು. ಕೇಸು ಎದ್ದು ನಿಂತಿತು.

ಹೊರಗೆ ಸಂಜೀವಪ್ಪ ಬೇವಿನ ಮರದ ಆಚೆ ಬದಿಯಲ್ಲಿ ನಿಂತು ಬಸ್ಸಿನ ಕಡೆ ನೋಡುತ್ತಿದ್ದ. ಅನುಸೂಯಮ್ಮ ಮರ ಸುತ್ತಿ ಹೋದಳು.

"ಅವತ್ತು ನಾನಂದಿದ್ದು ತಪ್ಪು ಕಣೋ ಸಂಜೀವ."

ಅವನು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. ಸಂಜೆಯೇ ಕಲ್ಲು ಕೀಳಿಸುತ್ತೇನೆ, ಸಿಮೆಂಟು ಹಾಕಿದ್ದಕ್ಕೆ ಸ್ವಲ್ಪ ಕಷ್ಟ ಆಗಬಹುದು, ಇನ್ನು ಈ ಕೋರ್ಟು ಗೀರ್ಟು ಸಾಕು ಎಂದ. ಇನ್ನೊಬ್ಬಳಾಗಿದ್ದರೆ ಕಣ್ಣೀರು ಒರೆಸಿಕೊಂಡು ಆಯಿತಪ್ಪ ಎನ್ನುತ್ತಿದ್ದಳು. ಅನುಸೂಯಮ್ಮ ಬೈರೇಶನನ್ನು ಕರೆದಳು.

"ಇವ್ನು ಇವತ್ತು ಒಳ್ಳೇವ್ನು. ನಾಳೆ ಇನ್ನೊಂದು ಮಾತಿಗೆ ಮುನಿಸ್ಕೊಂಡು ಮತ್ತೆ ಕಲ್ಲು ನೆಟ್ರೆ? ಕೇಸು ವಾಪಸ್ ತಗೊಂಡ್ಮೇಲೆ ನಂಗೆ ಬಾಯಿ ಇರುತ್ತಾ?"

ಬೈರೇಶ್ ಈಗ ಹಳೆಯ ಬೈರೇಶ್ ಆಗಿರಲಿಲ್ಲ. ಸುಮ್ಮನೆ ವಾಪಸು ತೆಗೆದುಕೊಂಡರೆ ಅದೇ ಕಾರಣಕ್ಕೆ ಮತ್ತೆ ದಾವೆ ಹಾಕುವಂತಿಲ್ಲ ಎಂದ. ಆದರೆ ಬೇಕಾದಾಗ ಮತ್ತೆ ಬರಲು ಅನುಮತಿ ಕೊಡಿ ಎಂದು ಕೋರ್ಟನ್ನೇ ಕೇಳಿ, ಅದನ್ನು ಬರೆಸಿಕೊಂಡು ವಾಪಸು ತೆಗೆದುಕೊಳ್ಳಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಅನುಸೂಯಮ್ಮನ ಕಣ್ಣು ಅರಳಿತು. ಕೋಲನ್ನು ಮುರಿಯುವುದೂ ಬೇಡ, ಹೊಡೆಯುವುದೂ ಬೇಡ, ಮೂಲೆಯಲ್ಲಿ ಒರಗಿಸಿಡುವುದು. ಇಷ್ಟು ಒಳ್ಳೆಯ ಕಾನೂನು ಇದೆ ಎಂದು ಮೊದಲೇ ಹೇಳಬಾರದಿತ್ತೇ ಎಂದು ಅವನನ್ನೇ ಬೈದಳು. ಸಂಜೀವಪ್ಪ ಇದನ್ನೆಲ್ಲ ಕೇಳುತ್ತ ನಿಂತಿದ್ದ. ಅವನ ಎದುರಿಗೇ ಅವನ ಮೇಲೆ ಎತ್ತುವ ಕೋಲಿನ ಮಾತು ನಡೆಯುತ್ತಿತ್ತು. ಅವನಿಗೂ ಅದು ನ್ಯಾಯವೆಂದೇ ತೋರಿರಬೇಕು, ತಕರಾರು ತೆಗೆಯಲಿಲ್ಲ.

ಮುಂದಿನ ವಾಯಿದೆಗೆ ಇಬ್ಬರೂ ಒಟ್ಟಿಗೆ ಹೋದರು. ಕಲ್ಲು ಕಿತ್ತ ಜಾಗದ ಫೋಟೋ ಕೊಟ್ಟರು. ಮತ್ತೆ ಅಡ್ಡಿಯಾದರೆ ಹೊಸ ದಾವೆ ಹಾಕುವ ಅನುಮತಿಯೊಂದಿಗೆ ಕೇಸು ವಾಪಸಾಯಿತು. ಅದು ಮೂರನೇ ಸಲ ಬಿದ್ದದ್ದು. ಈ ಸಲ ಕೆಡವಿದವಳು ಅನುಸೂಯಮ್ಮನೇ. ಊರಿಗೆ ಬಂದಾಗ ಡೇರಿಯ ಮುಂದೆ ಜನ, ಕಡೆಗೆ ಗೆದ್ದವರು ಯಾರು ಎಂದು ಕೇಳಿದರು. ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು.

ಹೊಸ ಬೆಳೆ ನಾಲ್ಕನೇ ಜ್ವರದಿಂದ ಎದ್ದ ಬೆಳಗ್ಗೆ ಅನುಸೂಯಮ್ಮ ಗಾಡಿ ದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಬಂದಳು. ಸೊಪ್ಪಿನ ಮೇಲೆ ಇಬ್ಬನಿ ಇನ್ನೂ ಹಾಗೇ ಇತ್ತು. ನಡುದಾರಿಯಲ್ಲಿ ಮಂಡಿ ಹಿಡಿದಂತಾಗಿ ಹೊರೆ ಇಳಿಸಿ ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಹೊಲದಲ್ಲಿ ನೀರು ಕಟ್ಟುತ್ತಿದ್ದ ಸಂಜೀವಪ್ಪ ಗುದ್ದಲಿ ಊರಿ ನಿಂತ.

"ಅತ್ಗೆ, ದಾರಿ ಬಿಟ್ಟಿರೋದು ನಡೆಯಕ್ಕೆ, ಕೂರಕ್ಕಲ್ಲ."

"ಕೇಸ್ ಹಾಕು ಹೋಗು."

ಅವನು ನಿಜಕ್ಕೂ ಒಂದು ಗಳಿಗೆ ಯೋಚಿಸಿದ. "ಆ ಬೈರೇಶನ ನಂಬರ್ ಕೊಡಿ ಅಂಗಾದ್ರೆ."

"ಆ ಹುಡುಗನ್ನ ಕೇಳ್ಬೇಡ," ಎಂದಳು ಅನುಸೂಯಮ್ಮ, ಹೊರೆಯನ್ನು ಮಂಡಿಯ ಮೇಲೆಳೆದುಕೊಂಡು ಏಳುತ್ತ. "ಮೂರು ಸಲ ಬಿದ್ದು ಬಿದ್ದು ಅವನಿಗೆ ಕಾನೂನು ಕಲಿಸಿದೀನಿ ನಾನು. ನೀನು ಬೇರೆ ಯಾರನ್ನಾದ್ರೂ ನೋಡ್ಕೊ. ಈಗ ಬಂದು ಹೊರೆಗೆ ಒಂದು ಕೈ ಕೊಡು, ಹುಳ ಕಾಯ್ತಾ ಇದಾವೆ."